ದಾಂಪತ್ಯದಲ್ಲಿ ಹೇಳಿಕೊಳ್ಳಲಾಗದ ತೊಂದರೆಗೂ ಚಿಕಿತ್ಸೆಯಿದೆ

ಮದುವೆಯಾಗಿ ಮೂರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವೆಂದರೆ ನಮ್ಮ ಪಾಂಡವಪುರದ ಕಡೆ ಮೊದಲು ಎಲ್ಲರ ನೋಟ ಬೀಳುವುದು ಸೊಸೆಯ ಮೇಲೆ. ಹರಕೆ, ಪೂಜೆ, ಉಪವಾಸಗಳಾಗುತ್ತವೆ. ಬಳಿಕ ಮಂಡ್ಯ ಅಥವಾ ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆ, ವೀರ್ಯಪರೀಕ್ಷೆಗಳಾಗುತ್ತವೆ. ವರದಿಗಳೆಲ್ಲ ಸರಿಯಾಗಿಯೇ ಇರುತ್ತವೆ. ಕಡೆಗೆ ಯಾರೋ ಒಬ್ಬ ಅನುಭವಸ್ಥ ವೈದ್ಯೆ, ಜೊತೆಯಲ್ಲಿ ಬಂದ ಅತ್ತೆಯನ್ನು ಹೊರಗೆ ಕೂರಲು ಹೇಳಿ, ಆ ಹೆಣ್ಣುಮಗಳನ್ನು ಮೆಲ್ಲನೆ ವಿಚಾರಿಸಿದಾಗ ಸಂಗತಿ ಹೊರಬೀಳುತ್ತದೆ: ಆ ದಂಪತಿಗಳ ನಡುವೆ ಒಮ್ಮೆಯೂ ಪೂರ್ಣ ಸಮಾಗಮ ನಡೆದೇ ಇಲ್ಲ. ಬಂಜೆತನದ ಚಿಕಿತ್ಸೆ ನೀಡುವ ವೈದ್ಯರಿಗೆ ಇದು ಹೊಸ ಸಂಗತಿಯೇನಲ್ಲ. ಮೂರು ವರ್ಷ ಆ ಇಬ್ಬರೂ ಒಂದೇ ಸೂರಿನಡಿ ಮೌನವಾಗಿ ನೊಂದಿರುತ್ತಾರೆ. ಗಂಡನಿಗೆ ತಾನು ಗಂಡಸೇ ಅಲ್ಲವೆಂಬ ಅಳುಕು, ಹೆಂಡತಿಗೆ ತನ್ನಲ್ಲೇ ಏನೋ ಕೊರತೆಯೆಂಬ ಅಪರಾಧಭಾವ. ಹೊರಗಿನವರ ಕಣ್ಣಿಗೆ ಕಾಣುವುದು ಮಾತ್ರ ಬಂಜೆಯೆಂಬ ಹೆಸರು.

ಇಂಥ ವಿಷಯವನ್ನು ಶ್ರೀಮಠದ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಬರೆಯಬೇಕೆಂದೇ ನಮ್ಮ ಅಭಿಪ್ರಾಯ. ಶರಣರಲ್ಲಿ ಬಹುಮಂದಿ ಸಂಸಾರಸ್ಥರು. ಜೇಡರ ದಾಸಿಮಯ್ಯ ಮತ್ತು ದುಗ್ಗಳೆ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇವರೆಲ್ಲ ದಂಪತಿಗಳಾಗಿಯೇ ಸ್ಮರಣೆಯಲ್ಲಿ ಉಳಿದವರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ಲಕ್ಕಮ್ಮ ಅಳುಕದೆ ತಿಳಿಹೇಳಿದ ಕಥೆಯನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಅಕ್ಕಿಯ ವಿಷಯದಲ್ಲಿ ಹೆಂಡತಿ ಮಾತನಾಡಬಹುದಾದರೆ ತನ್ನ ದೇಹದ ನೋವಿನ ವಿಷಯದಲ್ಲಿ ಮಾತನಾಡಬಾರದೇಕೆ? ಮಠಗಳ ಮುಂದೆ ಬರುವ ಸಂಸಾರದ ಜಗಳಗಳಲ್ಲಿ ವರದಕ್ಷಿಣೆ, ಆಸ್ತಿ, ಅತ್ತೆ ಸೊಸೆಯರ ವಿರಸ ಎಂದು ಹೇಳಿಕೊಳ್ಳುವವರಲ್ಲಿ ಕೆಲವರ ನಿಜವಾದ ತೊಡಕು ಮಲಗುವ ಕೋಣೆಯೊಳಗೆ ಇರುತ್ತದೆ. ಅದನ್ನು ಹಿರಿಯರ ಮುಂದೆ ಹೇಳಲು ನಾಲಿಗೆ ಏಳುವುದಿಲ್ಲ, ಅಷ್ಟೆ.

ಇದು ಎಲ್ಲೋ ನಗರದವರ ಸಮಸ್ಯೆಯೆಂದು ತಿಳಿಯಬೇಕಾಗಿಲ್ಲ. ಸುತ್ತೂರು ಶ್ರೀಮಠದ ಜೆಎಸ್‌ಎಸ್ ಮಹಾವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಭಾರತದ ಗ್ರಾಮೀಣ ಜನರಲ್ಲಿ ಲೈಂಗಿಕ ತೊಂದರೆಗಳ ಸಮೀಕ್ಷೆ ನಡೆಸಿ, 2015ರಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪುರುಷರಲ್ಲಿ ಶೇ. 21ರಷ್ಟು ಮಂದಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ಯಾವುದಾದರೊಂದು ಲೈಂಗಿಕ ತೊಂದರೆ ಇತ್ತು. ಸ್ತ್ರೀಯರಲ್ಲಿ ಸುಮಾರು ಶೇ. 14, ಅಂದರೆ ಏಳು ಮಂದಿಯಲ್ಲಿ ಒಬ್ಬರು. ಪುರುಷರಲ್ಲಿ ನಿಮಿರುವಿಕೆಯ ತೊಂದರೆ ಶೇ. 15.77, ಶೀಘ್ರಸ್ಖಲನ ಶೇ. 8.76. ಸ್ತ್ರೀಯರಲ್ಲಿ ಆಸಕ್ತಿ ಕುಂದಿರುವುದು ಶೇ. 8.87, ಸಮಾಗಮದ ವೇಳೆ ನೋವು ಶೇ. 2.34. ಒಂದು ಸಣ್ಣ ಊರಿನಲ್ಲಿ ಇನ್ನೂರು ಮನೆಗಳಿದ್ದರೆ ಎಷ್ಟು ಮನೆಗಳಲ್ಲಿ ಈ ಮೌನ ನೆಲೆಸಿರಬಹುದೆಂದು ಓದುಗರೇ ಲೆಕ್ಕ ಹಾಕಬಹುದು. ಮಧುಮೇಹದ ಬಗ್ಗೆ ಜಗಲಿಯ ಮೇಲೆ ಕುಳಿತು ಎಲ್ಲರೂ ಮಾತನಾಡುತ್ತಾರೆ. ಅದೇ ಮಧುಮೇಹದಿಂದ ಹುಟ್ಟುವ ಈ ತೊಂದರೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮೊದಲು ದೇಹದ ಕಾರಣಗಳನ್ನು ನೋಡೋಣ. ನಿಮಿರುವಿಕೆ ಎಂಬುದು ರಕ್ತನಾಳ, ನರ, ಹಾರ್ಮೋನು ಮತ್ತು ಮನಸ್ಸು ನಾಲ್ಕೂ ಸೇರಿ ನಡೆಸುವ ಕ್ರಿಯೆ. ಮಧುಮೇಹವು ರಕ್ತನಾಳ ಮತ್ತು ನರಗಳೆರಡನ್ನೂ ಕೆಡಿಸುವುದರಿಂದ ಮಧುಮೇಹಿಗಳಲ್ಲಿ ಈ ತೊಂದರೆ ಹೆಚ್ಚು. ಇತರರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಕಾಣಿಸಿಕೊಳ್ಳುವುದೂ ಉಂಟು. ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಶಿಶ್ನದ ರಕ್ತನಾಳಗಳು ಒಂದೆರಡು ಮಿಲಿಮೀಟರಿನಷ್ಟು ಕಿರಿದು. ಹೃದಯದ ರಕ್ತನಾಳಗಳು ಅವಕ್ಕಿಂತ ಅಗಲ. ಕೊಬ್ಬು ಕಟ್ಟಿಕೊಳ್ಳಲಾರಂಭಿಸಿದಾಗ ಕಿರಿಯ ನಾಳ ಮೊದಲು ಸೋಲುತ್ತದೆ. ಹೀಗಾಗಿ ಎದೆನೋವು ಬರುವ ಎರಡರಿಂದ ಐದು ವರ್ಷ ಮೊದಲೇ ನಿಮಿರುವಿಕೆಯ ತೊಂದರೆ ಎಚ್ಚರಿಕೆ ನೀಡಬಹುದು. ನಲವತ್ತೈದರ ಗಂಡಸು ನಾಚಿ ಸುಮ್ಮನಾದರೆ, ಹೃದಯಾಘಾತವನ್ನು ತಡೆಯಬಹುದಾಗಿದ್ದ ಅವಕಾಶವೊಂದು ಕೈತಪ್ಪಿದಂತೆ. ಬೀಡಿ, ಸಿಗರೇಟು, ಮದ್ಯಪಾನ ಇವೂ ಇದೇ ನಾಳ ನರಗಳ ಶತ್ರುಗಳು. ರಕ್ತದೊತ್ತಡಕ್ಕೂ ಖಿನ್ನತೆಗೂ ಕೊಡುವ ಕೆಲವು ಮಾತ್ರೆಗಳು ಆಸಕ್ತಿಯನ್ನಾಗಲಿ ಶಕ್ತಿಯನ್ನಾಗಲಿ ಕುಂದಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಿಸುತ್ತಾರೆ.

ಸ್ತ್ರೀಯರಲ್ಲಿ ಹೆರಿಗೆಯ ಬಳಿಕ, ಮಗುವಿಗೆ ಹಾಲುಣಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಕಡಿಮೆಯಿರುವುದರಿಂದ ಯೋನಿ ಒಣಗಿ ನೋವಾಗುವುದು ಸಹಜ. ಋತುಬಂಧದ ನಂತರವೂ ಹಾಗೆಯೇ. ಇದಕ್ಕೆ ಜಾರುಲೇಪಗಳಿವೆ, ವೈದ್ಯರ ಸಲಹೆಯಂತೆ ಹಚ್ಚುವ ಹಾರ್ಮೋನಿನ ಮುಲಾಮೂ ಇದೆ. ಥೈರಾಯ್ಡ್ ಕೊರತೆ ಮತ್ತು ರಕ್ತಹೀನತೆಯೂ ಆಸಕ್ತಿಯನ್ನು ಕುಗ್ಗಿಸುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಲವಾಗಿದೆ: ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಣ್ಣಿಗೆ ಸುಖವಿಲ್ಲ, ಗಂಡಿಗಾದರೆ ಗಂಡಸುತನವೇ ಹೋಗುತ್ತದೆ ಎಂಬುದು. ಹೆಣ್ಣಿನಲ್ಲಿ ಅಂಡನಾಳವನ್ನೂ ಗಂಡಿನಲ್ಲಿ ವೀರ್ಯಾಣುನಾಳವನ್ನೂ ಕಟ್ಟುತ್ತಾರೆ, ಅಷ್ಟೆ. ಅಂಡಾಶಯವೂ ವೃಷಣವೂ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಸುಲಭವೂ ಸುರಕ್ಷಿತವೂ ಆಗಿದ್ದರೂ ಆ ಭಯದಿಂದಲೇ ಇಡೀ ಹೊರೆ ಹೆಣ್ಣುಮಕ್ಕಳ ಮೇಲೆ ಬಿದ್ದಿದೆ.

ಇನ್ನು ಧಾತುವಿನ ಭಯ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕೆಂಬ ಮಾತನ್ನು ಕೇಳಿ ಬೆಳೆದ ಹುಡುಗ, ಸ್ವಪ್ನಸ್ಖಲನವಾದಾಗಲೆಲ್ಲ ತಾನು ಕ್ಷೀಣಿಸುತ್ತಿದ್ದೇನೆಂದು ನಂಬುತ್ತಾನೆ. ಬೆನ್ನುನೋವು, ಸುಸ್ತು, ಮರೆವು ಎಲ್ಲಕ್ಕೂ ಅದೇ ಕಾರಣವೆಂದುಕೊಳ್ಳುತ್ತಾನೆ. ಈ ಸಂಕಟಕ್ಕೆ 1960ರಲ್ಲಿ ಭಾರತದ ಮನೋವೈದ್ಯ ಡಾ. ಎನ್.ಎನ್. ವಿಗ್ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯವು ರಕ್ತದಿಂದ ಸೋಸಿ ತೆಗೆದ ಸಾರವಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ದೇಹ ಅದನ್ನು ಜೊಲ್ಲಿನಂತೆ ಸದಾ ತಯಾರಿಸುತ್ತಲೇ ಇರುತ್ತದೆ. ಈ ಭಯವನ್ನು ಹೊತ್ತುಕೊಂಡೇ ಮದುವೆಯಾದ ಹುಡುಗ ಮೊದಲ ರಾತ್ರಿಯೇ ಸೋತರೆ ಅದು ಆಶ್ಚರ್ಯವಲ್ಲ. ಸೋತವನು ಬಸ್ ನಿಲ್ದಾಣದ ಗೋಡೆಯ ಮೇಲಿನ ಗುಪ್ತರೋಗದ ಭಿತ್ತಿಪತ್ರವನ್ನು ನೋಡಿ, ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಬಂದು ಕೂರುವ ‘ತಜ್ಞ’ರ ಬಳಿ ಹೋಗುತ್ತಾನೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧವೆಂದು ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಕಾಯ್ದೆಯಿದೆ, ಗೋಡೆಯ ಮೇಲೆ ಭಿತ್ತಿಪತ್ರವೂ ಇದೆ. ಕಬ್ಬಿನ ಬಿಲ್ಲಿನ ಹಣ ಹೀಗೆ ಹೆಸರಿಲ್ಲದ ಪುಡಿಗಳಿಗೆ ಸುರಿದುಹೋಗುವುದನ್ನು ಕಂಡಾಗ ನಮಗೆ ಬೇಸರವಾಗುತ್ತದೆ.

ಮನೆಯ ವಾತಾವರಣದ ಪಾಲೂ ಕಡಿಮೆಯಲ್ಲ. ಹಜಾರದಲ್ಲಿ ಅತ್ತೆ ಮಾವ, ಪಕ್ಕದಲ್ಲಿ ಮೈದುನ, ನಡುವೆ ಒಂದು ತೆಳುವಾದ ಬಾಗಿಲು; ಬಳೆಯ ಸದ್ದಾದರೂ ನಾಳೆ ನಗೆಯಾಡುತ್ತಾರೆಂಬ ಅಂಜಿಕೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ರಾತ್ರಿಯಾದರೆ ಗಂಡ ಗದ್ದೆಯಲ್ಲಿ. ನಾಲೆಯ ನೀರಿನ ಸರದಿಯೂ ಹಾಗೆಯೇ, ಆಲೆಮನೆಯ ಪಾಳಿಯೂ ಹಾಗೆಯೇ. ಬೆಳಗಿನ ಜಾವ ಬಂದು ಬೀಳುವ ಆಯಾಸದಲ್ಲಿ ಪ್ರೀತಿಯ ಮಾತಿಗೆ ಎಡೆಯೆಲ್ಲಿ? ಹೊಸ ದಂಪತಿಗಳಿಗೆ ಒಂದು ಕೋಣೆ, ಅದಕ್ಕೊಂದು ಒಳಚಿಲಕ ಮಾಡಿಸಿಕೊಡುವುದು ಹಿರಿಯರು ಕೊಡಬಹುದಾದ ದೊಡ್ಡ ಉಡುಗೊರೆಯೆಂದು ನಾವು ತಿಳಿದಿದ್ದೇವೆ. ಮದುವೆಯ ಚಪ್ಪರಕ್ಕೆ ಸುರಿಯುವ ಹಣದಲ್ಲಿ ಅದು ಎಷ್ಟರದು?

ಹಾಗಾದರೆ ಲೈಂಗಿಕ ಚಿಕಿತ್ಸೆ ಎಂದರೇನು? ಹೆಸರು ಕೇಳಿದೊಡನೆ ಅನೇಕರು ಏನೇನೋ ಊಹಿಸಿಕೊಳ್ಳುತ್ತಾರೆ. ಚಿಕಿತ್ಸಕರ ಕೋಣೆಯಲ್ಲಿ ನಡೆಯುವುದು ಮಾತು ಮಾತ್ರ. ಅಲ್ಲಿ ಯಾರೂ ಬಟ್ಟೆ ತೆಗೆಯಬೇಕಾಗಿಲ್ಲ, ಚಿಕಿತ್ಸಕರು ಯಾರನ್ನೂ ಮುಟ್ಟುವುದಿಲ್ಲ, ದಂಪತಿಗಳು ಅವರೆದುರು ಏನನ್ನೂ ಮಾಡಿ ತೋರಿಸಬೇಕಾಗಿಲ್ಲ. ದೈಹಿಕ ಪರೀಕ್ಷೆ ಅಗತ್ಯವಾದರೆ ಅದನ್ನು ವೈದ್ಯರು ಬೇರೆಯಾಗಿ, ಒಪ್ಪಿಗೆ ಪಡೆದು, ಸ್ತ್ರೀಯರ ವಿಷಯದಲ್ಲಿ ನರ್ಸಿನ ಸಮ್ಮುಖದಲ್ಲಿ ಮಾಡುತ್ತಾರೆ. ಇದಕ್ಕೆ ವಿರುದ್ಧವಾದುದನ್ನು ಯಾರಾದರೂ ಕೇಳಿದರೆ ಅವರು ಚಿಕಿತ್ಸಕರಲ್ಲ. ಅಲ್ಲಿಂದ ಎದ್ದು ಬರಬೇಕು.

ಈ ಚಿಕಿತ್ಸೆಗೆ ಇಂದಿನ ರೂಪ ಬಂದದ್ದು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ. ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್ ಮತ್ತು ಅವರ ಸಹಸಂಶೋಧಕಿ ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಹೊಸ ನೋಟವನ್ನು ಮುಂದಿಟ್ಟರು. ತೊಂದರೆ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ, ಅವರಿಬ್ಬರ ಸಂಬಂಧದ್ದು. ಆದ್ದರಿಂದ ಇಬ್ಬರೂ ಒಟ್ಟಿಗೆ ಬರಬೇಕು ಎಂಬುದು ಆ ನೋಟ. ಕನ್ನಡದಲ್ಲಿಯೂ ವೈದ್ಯೆ, ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ ತಮ್ಮ ‘ದಾಂಪತ್ಯ ದೀಪಿಕೆ’ಯಲ್ಲಿ ಈ ವಿಷಯಗಳನ್ನು ಮುಜುಗರವಿಲ್ಲದ ಭಾಷೆಯಲ್ಲಿ ಮನೆಮನೆಗೆ ತಲುಪಿಸಿದ್ದರು. ಆ ಪುಸ್ತಕವನ್ನು ಸೀರೆಯ ಮಡಿಕೆಯಡಿ ಬಚ್ಚಿಟ್ಟುಕೊಂಡು ಓದಿದ ಅಜ್ಜಿಯರು ಇಂದೂ ಇದ್ದಾರು.

ಮೊದಲ ಭೇಟಿಯಲ್ಲಿ ಚಿಕಿತ್ಸಕರು ದಂಪತಿಗಳಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡುತ್ತಾರೆ, ಅನಂತರ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ. ತೊಂದರೆ ಯಾವಾಗ ಶುರುವಾಯಿತು, ಸದಾ ಇರುತ್ತದೆಯೇ ಅಥವಾ ಕೆಲವು ಸಂದರ್ಭಗಳಲ್ಲಿ ಮಾತ್ರವೇ ಎಂದು ಕೇಳುತ್ತಾರೆ. ಬೆಳಗಿನ ಹೊತ್ತು ಸಹಜವಾಗಿ ನಿಮಿರುವಿಕೆ ಆಗುತ್ತಿದ್ದು ಹೆಂಡತಿಯ ಬಳಿ ಮಾತ್ರ ಆಗದಿದ್ದರೆ, ನಾಳ ನರಗಳು ಸರಿಯಿದ್ದು ಮನಸ್ಸಿನ ಅಳುಕೇ ಕಾರಣವಿರುವ ಸಂಭವ ಹೆಚ್ಚು. ಸಕ್ಕರೆಯಂಶ, ಥೈರಾಯ್ಡ್, ಅಗತ್ಯವಿದ್ದರೆ ಟೆಸ್ಟೋಸ್ಟೆರಾನ್ ಪರೀಕ್ಷೆಗೆ ಬರೆದುಕೊಡುತ್ತಾರೆ. ಬಾಲ್ಯದಲ್ಲಿ ಏನಾದರೂ ಕೆಟ್ಟ ಅನುಭವವಾಗಿತ್ತೇ ಎಂದೂ ಮೃದುವಾಗಿ ವಿಚಾರಿಸುತ್ತಾರೆ. ಈ ಪ್ರಶ್ನೆಗೆ ಉತ್ತರವಾಗಿ ಇಪ್ಪತ್ತು ವರ್ಷ ಯಾರಿಗೂ ಹೇಳದ ಸಂಗತಿಯನ್ನು ಮೊದಲ ಬಾರಿಗೆ ಹೇಳುವ ಹೆಣ್ಣುಮಕ್ಕಳಿದ್ದಾರೆ, ಗಂಡಸರೂ ಇದ್ದಾರೆ.

ಅನಂತರ ಬರುವ ಮೊದಲ ಸೂಚನೆ ಕೇಳಿದವರಿಗೆ ವಿಚಿತ್ರವೆನಿಸುತ್ತದೆ: ಕೆಲವು ವಾರ ಸಮಾಗಮದ ಪ್ರಯತ್ನವನ್ನೇ ಮಾಡಕೂಡದು! ಔಷಧಿ ಕೇಳಿ ಬಂದವರಿಗೆ ಪಥ್ಯ ಹೇಳಿದಂತೆ. ಇದರ ಹಿಂದಿನ ತರ್ಕ ಸರಳ. ಒಮ್ಮೆ ಸೋತ ಗಂಡಸು ಮುಂದಿನ ಸಲ ಹೆಂಡತಿಯ ಬಳಿ ಹೋದಾಗ ಪ್ರೀತಿಸುವವನಾಗಿರುವುದಿಲ್ಲ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪರೀಕ್ಷಕನಾಗಿರುತ್ತಾನೆ. ಇಂದಾದರೂ ಆದೀತೇ ಎಂಬ ಆತಂಕ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿಸುತ್ತದೆ. ಅಡ್ರಿನಲಿನ್ ರಕ್ತನಾಳವನ್ನು ಬಿಗಿಸುತ್ತದೆ. ನಿಮಿರುವಿಕೆಗೆ ನಾಳ ಸಡಿಲಗೊಳ್ಳಬೇಕು. ಹೀಗೆ ಭಯವೇ ಸೋಲನ್ನು ತಂದು, ಸೋಲು ಭಯವನ್ನು ಬೆಳೆಸುತ್ತದೆ. ಪರೀಕ್ಷೆಯನ್ನೇ ರದ್ದು ಮಾಡಿದರೆ ಈ ಚಕ್ರ ನಿಲ್ಲುತ್ತದೆ. ಆ ವಾರಗಳಲ್ಲಿ ದಂಪತಿಗಳಿಗೆ ಮನೆಪಾಠವಿರುತ್ತದೆ. ವಾರಕ್ಕೆ ಎರಡು ಮೂರು ಸಲ, ಆತುರವಿಲ್ಲದ ಹೊತ್ತಿನಲ್ಲಿ, ಒಬ್ಬರು ಇನ್ನೊಬ್ಬರ ಕೈ, ಬೆನ್ನು, ತಲೆಯನ್ನು ಸವರುವುದು. ಯಾವುದು ಹಿತ, ಯಾವುದು ಅಹಿತ ಎಂದು ಬಾಯಿಬಿಟ್ಟು ಹೇಳುವುದು. ಹಲವು ದಿನಗಳ ನಂತರವೇ ಮುಂದಿನ ಹಂತ. ಎಷ್ಟೋ ವರ್ಷ ಸಂಸಾರ ಮಾಡಿಯೂ ಹೆಂಡತಿಗೆ ಏನು ಇಷ್ಟವೆಂದು ಗಂಡ ಒಮ್ಮೆಯೂ ಕೇಳಿರುವುದಿಲ್ಲ, ಆಕೆಯೂ ಹೇಳಿರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಚಿಕಿತ್ಸೆಯ ಸಾರವೆಲ್ಲ ಇರುವುದು ಆ ಕೇಳುವಿಕೆ ಹೇಳುವಿಕೆಗಳಲ್ಲಿ.

ಆರಂಭದಲ್ಲಿ ಹೇಳಿದ ಬಂಜೆತನದ ಹಿಂದೆ ಅನೇಕ ವೇಳೆ ಇರುವುದು ಹೆಣ್ಣಿನಲ್ಲಿನ ಯೋನಿಬಿಗಿತ. ಸಮಾಗಮದ ಪ್ರಯತ್ನವಾದೊಡನೆ ಶ್ರೋಣಿಯ ಸ್ನಾಯುಗಳು ಆಕೆಯ ಇಚ್ಛೆಯಿಲ್ಲದೆಯೇ ಬಿಗಿಯುತ್ತವೆ. ಕಣ್ಣಿಗೆ ಧೂಳು ಬಂದಾಗ ರೆಪ್ಪೆ ತಾನಾಗಿ ಮುಚ್ಚುವಂತೆ ಇದು ದೇಹದ ರಕ್ಷಣಾಕ್ರಿಯೆ. ಆಕೆ ಹಟ ಮಾಡುತ್ತಿಲ್ಲ, ಗಂಡನನ್ನು ತಿರಸ್ಕರಿಸುತ್ತಲೂ ಇಲ್ಲ. ಬಲವಂತ ಮಾಡಿದಷ್ಟೂ ಬಿಗಿತ ಹೆಚ್ಚುತ್ತದೆ. ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆಯೆಂಬ ಹಿರಿಯರ ಸಮಾಧಾನವೂ ಇಲ್ಲಿ ಫಲಿಸುವುದಿಲ್ಲ. ಚಿಕಿತ್ಸೆಯಲ್ಲಿ ಮೊದಲು ಆಕೆಗೆ ತನ್ನ ದೇಹರಚನೆಯ ಚಿತ್ರವನ್ನು ತೋರಿಸಿ ತಿಳಿಸುತ್ತಾರೆ; ಎಷ್ಟೋ ಹೆಣ್ಣುಮಕ್ಕಳಿಗೆ ಅದು ಮೊದಲ ಪಾಠ. ಆಮೇಲೆ ಉಸಿರಾಟ, ಶ್ರೋಣಿಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ. ಮುಂದೆ ಕಿರುಬೆರಳಿನಷ್ಟು ತೆಳುವಾದ ನಯವಾದ ಕೊಳವೆಯಿಂದ ಆರಂಭಿಸಿ, ಕ್ರಮವಾಗಿ ಅಗಲವಾದವುಗಳನ್ನು ಆಕೆಯೇ ತನ್ನ ಕೈಯಿಂದ, ತನ್ನ ವೇಗದಲ್ಲಿ ಬಳಸಿ ಅಭ್ಯಾಸ ಮಾಡಿಕೊಳ್ಳುತ್ತಾಳೆ. ನಿಲ್ಲಿಸುವ ಅಧಿಕಾರ ಸದಾ ಆಕೆಯದೇ. ತಾಳ್ಮೆಯಿಂದ ಕೆಲವು ತಿಂಗಳು ಮುಂದುವರಿಸಿದ ದಂಪತಿಗಳಲ್ಲಿ ಬಹುಮಂದಿಗೆ ಗುಣವಾಗುತ್ತದೆ. ಲೈಂಗಿಕ ತೊಂದರೆಗಳಲ್ಲಿ ಅತ್ಯಂತ ಚೆನ್ನಾಗಿ ಗುಣವಾಗುವವುಗಳಲ್ಲಿ ಇದೂ ಒಂದು. ಹೀಗಿರುವಾಗ ಇದೇ ಕಾರಣಕ್ಕೆ ವಿಚ್ಛೇದನದ ಕಾಗದಕ್ಕೆ ಸಹಿ ಬೀಳುವುದು ಎಂಥ ನಷ್ಟ!

ಶೀಘ್ರಸ್ಖಲನಕ್ಕೆ 1956ರಲ್ಲಿ ಜೇಮ್ಸ್ ಸೀಮನ್ಸ್ ಎಂಬ ಮೂತ್ರರೋಗ ತಜ್ಞ ಸೂಚಿಸಿದ ‘ನಿಲ್ಲಿಸಿ ಮುಂದುವರಿಸುವ’ ಅಭ್ಯಾಸ ಇಂದಿಗೂ ಬಳಕೆಯಲ್ಲಿದೆ. ಜೊತೆಗೆ ಮಾತ್ರೆಗಳೂ ಇವೆ. ನಿಮಿರುವಿಕೆಗೆ ಸಿಲ್ಡೆನಾಫಿಲ್ 1998ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಪಡೆಯಿತು. ಹೃದಯದ ನೋವಿಗೆಂದು ಪರೀಕ್ಷಿಸುತ್ತಿದ್ದ ಔಷಧದ ಗುಣವೊಂದು ಹೀಗೆ ಬೇರೆಡೆ ಉಪಯೋಗಕ್ಕೆ ಬಂತು. ಆದರೆ ಒಂದು ಎಚ್ಚರಿಕೆಯನ್ನು ಓದುಗರು ಮರೆಯಬಾರದು. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆ ಬಳಸುವವರು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯ. ಸ್ನೇಹಿತರು ಕೊಟ್ಟರೆಂದೋ ಅಂಗಡಿಯಲ್ಲಿ ಸಿಕ್ಕಿತೆಂದೋ ಅದನ್ನು ನುಂಗಕೂಡದು.

ಈ ಚಿಕಿತ್ಸೆಗೆ ಮಿತಿಗಳೂ ಇವೆ. ಗಂಡ ಕುಡಿದು ಬಂದು ಹೊಡೆಯುವ, ಬಲವಂತ ಮಾಡುವ ಮನೆಯಲ್ಲಿ ಹೆಂಡತಿಗೆ ಆಸಕ್ತಿ ಇಲ್ಲದಿರುವುದು ರೋಗವಲ್ಲ. ಅಲ್ಲಿ ಮೊದಲು ಬೇಕಾದುದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯು ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ; ಮಹಿಳಾ ಸಹಾಯವಾಣಿ 181. ಇನ್ನೊಂದು ಸಂದರ್ಭವನ್ನೂ ಹೇಳಲೇಬೇಕು. ಮಗನಿಗೋ ಮಗಳಿಗೋ ತನ್ನದೇ ಲಿಂಗದವರತ್ತ ಒಲವಿರುವುದು ಗೊತ್ತಿದ್ದೂ, ಮದುವೆ ಮಾಡಿದರೆ ಸರಿಹೋಗುತ್ತದೆಂದು ಹಿರಿಯರು ಮದುವೆ ಮಾಡಿಬಿಡುತ್ತಾರೆ. ಆ ಒಲವು ರೋಗವಲ್ಲ. ಅದನ್ನು ಬದಲಿಸುತ್ತೇವೆಂಬ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಸಾರಿದೆ. ಅಂಥ ಮದುವೆಯಲ್ಲಿ ಎರಡು ಜೀವಗಳು ಬೇಯುತ್ತವೆ, ಅದರಲ್ಲಿ ಒಂದು ಏನೂ ಅರಿಯದ ಜೀವ.

ಎಲ್ಲಿಗೆ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಪಾಂಡವಪುರದ ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿಯೇ ಮೊದಲು ಹೇಳಿಕೊಂಡು ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ಮಾಡಿಸಿಕೊಳ್ಳಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಗಿದೆ; ಹೋಗುವ ಮೊದಲು ಯಾವ ವಾರ ಬರುತ್ತಾರೆಂದು ವಿಚಾರಿಸಿಕೊಳ್ಳುವುದು ಒಳಿತು. ಇನ್ನೂ ಹೆಚ್ಚಿನ ಸಲಹೆಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳ ಮನೋವೈದ್ಯ ವಿಭಾಗಗಳಿವೆ. ಮುಖಾಮುಖಿ ಹೇಳಲು ಸಂಕೋಚವಾದರೆ ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನೀವು ಹೇಳಿದ್ದನ್ನು ಗೋಪ್ಯವಾಗಿಡುವುದು ಚಿಕಿತ್ಸಕರ ಕರ್ತವ್ಯ. ಆಸ್ಪತ್ರೆಯ ಸಾಲಿನಲ್ಲಿ ಊರಿನವರು ಯಾರಾದರೂ ಕಂಡು ‘ಏನು ಬಂದದ್ದು?’ ಎಂದು ಕೇಳಿದರೆ ಸಕ್ಕರೆ ಪರೀಕ್ಷೆಗೆ ಎಂದರಾಯಿತು. ಅದು ಸುಳ್ಳೂ ಆಗುವುದಿಲ್ಲ.

ಹೋಗುವಾಗ ಗಂಡ ಹೆಂಡತಿ ಇಬ್ಬರೇ ಹೋಗಬೇಕು. ಅತ್ತೆಯವರನ್ನೋ ಭಾವನವರನ್ನೋ ಕರೆದೊಯ್ಯುವುದು ಬೇಡ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ, ಹಳೆಯ ವರದಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಲಾಡ್ಜಿನ ಪುಡಿ ಏನಾದರೂ ಉಳಿದಿದ್ದರೆ ಅದನ್ನೂ ಬಚ್ಚಿಡದೆ ತೋರಿಸಿ. ಹೆಂಡತಿಗೆ ಹೇಳಲು ಕಷ್ಟವಾದುದನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರೂ ವೈದ್ಯರು ಓದಿಕೊಳ್ಳುತ್ತಾರೆ.